ಕಾಕಾ, ನಿಮಗೇನು ಮಾಡಬೇಕು ಅನಿಸುತ್ತದೆ?

ಪಾರ್ಕಿನ್ಸನ್ ಪೂರ್ತಿ ವಾಸಿಯಾಗುವ ಕಾಯಿಲೆ ಅಲ್ಲವಲ್ಲ, ಮತ್ತೆ ಈ ವ್ಯಾಯಾಮ, ಫಿಸಿಯೋಥೆರಪಿ ಎಲ್ಲ ಯಾತಕ್ಕೆ? ಧಾರವಾಡದಿಂದ ಪುಣೆಗೆ ಬಂದ ನೆಂಟರು ನನ್ನನ್ನು ಹೀಗೆ ಕೇಳುತ್ತಲೇ ಇರುತ್ತಾರೆ. ಯಾತಕ್ಕೆ ಎಂಬುದನ್ನು ರೋಗಿಯೇ ಹೇಳಬೇಕು ಎನ್ನುತ್ತೇನೆ ನಾನು. ಅದು ತಿಳಿದ ಮೇಲೆಯೇ ಯಾವ ವ್ಯಾಯಾಮ ಎಂಬ ಮಾತು.

ಮಿದುಳಿನಲ್ಲಿ ಡೋಪಮಿನ್ ತಯಾರಿಸುವ ಜೀವಕೋಶಗಳು ಮೆಲ್ಲಮೆಲ್ಲನೆ ಸಾಯುತ್ತ ಹೋಗುವುದರಿಂದ ಈ ಕಾಯಿಲೆ ಬರುತ್ತದೆ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಇದನ್ನು ವಿವರವಾಗಿ ಬರೆದಿಟ್ಟ. ಜನರ ಕಣ್ಣಿಗೆ ಬೀಳುವುದು ಕೈನಡುಕ. ಈ ಕಾಯಿಲೆ ಬಂದ ನಮ್ಮ ಮನೆಯವರನ್ನು ಹಣ್ಣು ಮಾಡಿದ್ದು ಮಾತ್ರ ಅವರ ಅಕ್ಷರ. ಬರೆಯುತ್ತ ಬರೆಯುತ್ತ ಅದು ಸಣ್ಣದಾಗಿ, ಸಾಲಿನ ಕೊನೆಗೆ ಇರುವೆಯಷ್ಟಾಗುತ್ತಿತ್ತು. ಪಿಂಚಣಿಯ ಕಾಗದಪತ್ರದಲ್ಲಿ ಸಹಿ ತಾಳೆಯಾಗದೆ ಬ್ಯಾಂಕಿನಿಂದ ಸುಮ್ಮನೆ ಮರಳಿ ಬಂದರು. ಆ ದಿನ ಊಟ ಮಾಡಲಿಲ್ಲ.

ಫಿಸಿಯೋಥೆರಪಿಗೆ ಹೋದ ಮೊದಲ ದಿನ ನಮ್ಮ ಮಗ, "ನಡುಕ ನಿಲ್ಲಬೇಕು, ಬೀಳಬಾರದು" ಎಂದು ತಾನೇ ಹೇಳಿಬಿಟ್ಟ. ಅಲ್ಲಿನ ಫಿಸಿಯೋಥೆರಪಿಸ್ಟ್, ಒಬ್ಬ ಮರಾಠಿ ಹುಡುಗಿ, ತಲೆಯಾಡಿಸಿ, ಸ್ಟೂಲು ಎಳೆದುಕೊಂಡು ಇವರ ಎದುರಿಗೆ ಕೂತು, "ಕಾಕಾ, ನಿಮಗೇನು ಮಾಡಬೇಕು ಅನಿಸುತ್ತದೆ?" ಎಂದು ಮರಾಠಿಯಲ್ಲಿ ಕೇಳಿದಳು. ಆಮೇಲೆ ಸುಮ್ಮನೆ ಕಾದಳು. ಪಾರ್ಕಿನ್ಸನ್‌ನಲ್ಲಿ ಮುಖದ ಭಾವ ಮರೆಯಾಗುತ್ತದೆ, ದನಿ ಉಡುಗುತ್ತದೆ, ಉತ್ತರ ತಡವಾಗಿ ಬರುತ್ತದೆ. ಅಷ್ಟರಲ್ಲಿ ಸುತ್ತಲಿನವರು ತಾವೇ ಉತ್ತರ ಕೊಟ್ಟು ಮುಗಿಸಿರುತ್ತಾರೆ. ಇವರು ನನ್ನ ಕಡೆ ತಿರುಗಿ ಕನ್ನಡದಲ್ಲೇ ಅಂದರು: "ಬ್ಯಾಂಕಿನ್ಯಾಗ ನನ್ನ ಸಹಿ ನಾನ ಮಾಡಬೇಕು. ತಂಗಿ ಜೋಡಿ ಫೋನಿನ್ಯಾಗ ಮಾತಾಡಬೇಕು, ಆಕಿ 'ಏನಂದಿ, ಏನಂದಿ' ಅನ್ನಬಾರದು."

ಚಿಕಿತ್ಸೆ ಆ ಎರಡು ಮಾತಿನ ಸುತ್ತ ಬೆಳೆಯಿತು. ದಪ್ಪ ಗೆರೆ ಎಳೆದ ಹಾಳೆಯ ಮೇಲೆ, ಗೆರೆಯಿಂದ ಗೆರೆಗೆ ಮುಟ್ಟುವಂತೆ ದೊಡ್ಡದಾಗಿ ಬರೆಯುವುದು. ಲೆವೊಡೋಪಾ ಮಾತ್ರೆಯ ಬಲ ಇರುವ ಹೊತ್ತಿನಲ್ಲಿ ಮಾತ್ರ ಅಭ್ಯಾಸ. ಲೆವೊಡೋಪಾ ಗುಣ ಕೊಡುವ ಗಂಟೆಗೂ ಅದು ಇಳಿದ ಗಂಟೆಗೂ ಇವರು ಬೇರೆ ಬೇರೆ ಮನುಷ್ಯರೇ. ದನಿಗೆ, ಉಸಿರು ತುಂಬಿಕೊಂಡು ಗಟ್ಟಿಯಾಗಿ "ಆ" ಎನ್ನುವುದು. ಪರೀಕ್ಷಕಿ, ಧಾರವಾಡದಲ್ಲಿ ಫೋನು ಹಿಡಿದ ನಾದಿನಿ.

ಇಂಥ ಗುರಿಯನ್ನು ಅಳೆಯುವ ಕ್ರಮವೂ ಇದೆ. 1968ರಲ್ಲಿ ಅಮೆರಿಕದ ಸಂಶೋಧಕರಾದ ಕಿರೆಸುಕ್ ಮತ್ತು ಶೆರ್ಮನ್ ಅದನ್ನು ಮಾನಸಿಕ ಆರೋಗ್ಯದ ಸೇವೆಗಳಿಗಾಗಿ ರೂಪಿಸಿದರು. ನಿರೀಕ್ಷಿಸಿದಷ್ಟು ಸಾಧಿಸಿದರೆ ಸೊನ್ನೆ. ಅದಕ್ಕಿಂತ ಹೆಚ್ಚಾದರೆ ಒಂದು, ಎರಡು. ಕಡಿಮೆಯಾದರೆ ಋಣ ಒಂದು, ಋಣ ಎರಡು. ನಮ್ಮ ಸೊನ್ನೆ, ಬ್ಯಾಂಕು ಒಪ್ಪುವ ಸಹಿ. ಪಕ್ಕದ ರೋಗಿಯ ಸೊನ್ನೆ ಇನ್ನೇನೋ ಆಗಬಹುದು. ಎಲ್ಲರನ್ನೂ ಒಂದೇ ಪಟ್ಟಿಯಲ್ಲಿ ಅಳೆಯುವುದಕ್ಕಿಂತ ಇದು ನನಗೆ ಹೆಚ್ಚು ನ್ಯಾಯವೆನಿಸುತ್ತದೆ.

ಕೆಲವರಿಗೆ ಕುಣಿಯುವ ಆಸೆ ಇರುತ್ತದೆ. ಪುಣೆಯಲ್ಲಿ ನೃತ್ಯಗಾರ ಹೃಷಿಕೇಶ್ ಪವಾರ್ 2010ರಲ್ಲಿ ಸಂಚೇತಿ ಸಂಸ್ಥೆಯ ಜೊತೆಗೂಡಿ ಪಾರ್ಕಿನ್ಸನ್ ಇರುವವರಿಗೆ ನೃತ್ಯ ಕಲಿಸಲು ಆರಂಭಿಸಿದರು. ನ್ಯೂಯಾರ್ಕಿನ ಮಾರ್ಕ್ ಮಾರಿಸ್ ನೃತ್ಯತಂಡ 2001ರಲ್ಲಿ ಬ್ರೂಕ್ಲಿನ್‌ನಲ್ಲಿ ಇಂಥದೇ ತರಗತಿ ತೆರೆದಿತ್ತು. ಕುಣಿತ ಒಗ್ಗುವುದಕ್ಕೆ ಕಾರಣವಿದೆ. ಕಾಯಿಲೆ ಹಾಳು ಮಾಡುವುದು, ಯೋಚಿಸದೇ ತಾನಾಗಿ ನಡೆಯುವ ಚಲನೆಯನ್ನು. ತಾಳ, ನೆಲದ ಮೇಲಿನ ಗೆರೆ, ಯಾರಾದರೂ ಎಣಿಸುವ ದನಿ ಇಂಥ ಹೊರಗಿನ ಸುಳಿವು ಸಿಕ್ಕರೆ ಬಾಗಿಲಲ್ಲಿ ನಿಂತಲ್ಲೇ ಅಂಟಿಕೊಂಡ ಕಾಲು ಎಷ್ಟೋ ಸಲ ಮುಂದೆ ಬರುತ್ತದೆ.

ನವೆಂಬರಿನಲ್ಲಿ, ಪಿಂಚಣಿದಾರರು ಜೀವಿತ ಪ್ರಮಾಣಪತ್ರ ಕೊಡುವ ತಿಂಗಳಲ್ಲಿ, ನಮ್ಮ ಮನೆಯವರ ಸಹಿ ಗೆರೆಯ ಮೇಲೆ ಕೂತಿತು. ಫೋನಿನ ಗುರಿ ಇನ್ನೂ ಋಣ ಒಂದರಲ್ಲಿದೆ. ಕಾಯಿಲೆ ಮುಂದುವರಿಯುವುದರಿಂದ ಗುರಿಗಳನ್ನೂ ಆಗಾಗ ಬದಲಿಸಬೇಕಾಗುತ್ತದೆ. ಅದರಲ್ಲಿ ಸೋಲೇನೂ ಇಲ್ಲ.

ನಿಮ್ಮ ಮನೆಯ ಹಿರಿಯರನ್ನು ಫಿಸಿಯೋಥೆರಪಿಗೆ ಕರೆದೊಯ್ದಾಗ ಉತ್ತರವನ್ನು ಅವರಿಗೇ ಬಿಡಿ. ತಡವಾದರೂ ಕಾಯಿರಿ. ಏನು ಬೇಕೆಂದು ಕೇಳುವ ಚಿಕಿತ್ಸಕರನ್ನೇ ಹುಡುಕಿ, ಕೇಳದಿದ್ದರೆ ನೀವೇ ಕೇಳಿಸಿ.