ಗಾಡಿಮನೆಯ ನೆಲ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ತೋಟವುಳ್ಳ ಮನೆಗೆ ಗಾಡಿಮನೆಯೊಂದು ಇರುವುದು ವಾಡಿಕೆ. ಎತ್ತಿನ ಗಾಡಿ ಹೋಗಿ ಮೋಟಾರು ಬಂದರೂ ಹೆಸರು ಮಾತ್ರ ಹಾಗೆಯೇ ಉಳಿದಿದೆ. ಒಂದು ಮಗ್ಗುಲಿಗೆ ವಾಹನ, ಇನ್ನೊಂದು ಮಗ್ಗುಲಿಗೆ ಕೊಬ್ಬರಿಯ ಚೀಲ, ಮೇಲೆ ಅಟ್ಟ. ಆ ಅಟ್ಟದ ಮೇಲೆ ಬಲಿತ ಕಾಯಿ ಹತ್ತು ಹನ್ನೊಂದು ತಿಂಗಳು ಮಲಗಿ, ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಅಲ್ಲಾಡಿಸಿದರೆ ಸದ್ದು ಮಾಡುವ ಗಿಟುಕಾಗುತ್ತದೆ. ಉಂಡೆ ಕೊಬ್ಬರಿಯೆಂದು ತಿಪಟೂರಿನ ಮಾರುಕಟ್ಟೆಯಿಂದ ಉತ್ತರ ಭಾರತಕ್ಕೆ ಹೋಗುವುದು ಇದೇ. ವರ್ಷವೊಂದರ ತಪಸ್ಸಿನಿಂದ ಒಣಗಿದ ಈ ಪದಾರ್ಥಕ್ಕೆ ತೇವವೇ ಪರಮಶತ್ರು.

ಇದೆಲ್ಲವನ್ನೂ ಬಲ್ಲ ನಾನೇ ಮಾಡಿದ ಅವಿವೇಕವೊಂದನ್ನು ಓದುಗರ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ನಮ್ಮ ಗಾಡಿಮನೆಯ ಹಳೆಯ ಗಾರೆನೆಲ ಅಲ್ಲಲ್ಲಿ ಕುಸಿದು ಹಳ್ಳ ಬಿದ್ದಿತ್ತು. ತಟ್ಟೆಯಂತೆ ಮಟ್ಟವಾಗಿರಬೇಕೆಂದು ನಾನೇ ಎದುರಿಗೆ ನಿಂತು, ಹಳೆಯ ನೆಲದ ಮೇಲೆಯೇ ತೆಳ್ಳಗೆ ಸಿಮೆಂಟು ಬಳಿಸಿದೆ. ಬಾಗಿಲ ಬಳಿ ಅದು ಹಪ್ಪಳದಷ್ಟು ತೆಳುವಾಗಿ ಅಂಗಳದೊಡನೆ ಸೇರಿತು. ನೋಡುವುದಕ್ಕೇನೋ ಅಂದವಾಗಿತ್ತು! ಮೂರು ತಿಂಗಳಲ್ಲಿ ಚಕ್ರ ಹತ್ತಿಳಿಯುವ ಅಂಚು ಹೆಕ್ಕಳೆ ಹೆಕ್ಕಳೆಯಾಗಿ ಕಿತ್ತುಹೋಯಿತು. ಸ್ವಾತಿಯ ಮಳೆ ಬಡಿದ ಒಂದು ರಾತ್ರಿ ಅಂಗಳದ ನೀರು ಆ ಹರಕಿನಿಂದ ಒಳನುಗ್ಗಿ, ಮರಳಿ ಹೋಗುವ ದಾರಿ ಕಾಣದೆ ಬೆಳಗಿನವರೆಗೂ ನಿಂತಿತು. ಕೆಳಸಾಲಿನ ಚೀಲಗಳು ನೆನೆದವು. ನಾಲ್ಕು ದಿನಗಳಲ್ಲಿ ಬೂಷ್ಟು ಹಿಡಿಯಿತು. ತಂಗಿಯ ಮದುವೆಗೆಂದು ತೆಗೆದಿರಿಸಿದ್ದ ಫಸಲು ಅದು. ಅವ್ವ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಊರಿನ ಹಿರಿಯ ಮೇಸ್ತ್ರಿ ಬಂದು ನೋಡಿ, ನೆಲದ ಮೇಲೆ ಒಂದು ಚೆಂಬು ನೀರು ಸುರಿದರು. ನೀರು ಅಲುಗಲಿಲ್ಲ.

“ಮೇಷ್ಟ್ರೇ, ಕಣ್ಣಿಗೆ ಮಟ್ಟ ಇರಬೇಕು, ನೀರಿಗೆ ವಾಟ ಇರಬೇಕು. ನೀವು ಎರಡಕ್ಕೂ ಮಟ್ಟ ಮಾಡಿಬಿಟ್ಟಿದ್ದೀರಿ” ಎಂದರು.

ಕೆಲಸ ಮೊದಲಿನಿಂದ ಆರಂಭವಾಯಿತು. ಸಡಿಲವಾದ ಪದರವನ್ನೆಲ್ಲ ಕೆತ್ತಿ ತೆಗೆದು, ಹಳೆಯ ನೆಲವನ್ನು ಉಳಿಯಿಂದ ಒರಟು ಮಾಡಿ, ತೊಳೆದು ನೆನೆಸಿದರು. ನೀರು ತುಂಬಿದ ಪಾರದರ್ಶಕ ಕೊಳವೆಯೊಂದನ್ನು ಗೋಡೆಯಿಂದ ಗೋಡೆಗೆ ಹಿಡಿದು ಗುರುತು ಹಾಕಿದರು. ಕೊಳವೆಯ ಎರಡು ತುದಿಗಳಲ್ಲಿಯೂ ನೀರು ಒಂದೇ ಎತ್ತರದಲ್ಲಿ ನಿಲ್ಲುವುದರಿಂದ ಇಲ್ಲಿ ಕಣ್ಣಿನ ಮೋಸಕ್ಕೆ ಎಡೆಯಿಲ್ಲ. ಆ ಗುರುತಿನಿಂದ ಬಾಗಿಲ ಕಡೆಗೆ ಪ್ರತಿ 8 ಅಡಿಗೆ 1 ಅಂಗುಲದಂತೆ, 16 ಅಡಿಯ ಕೋಣೆಗೆ 2 ಅಂಗುಲ ವಾಟ ಕೊಟ್ಟರು. ಕಣ್ಣಿಗೆ ಅದು ಕಾಣುವುದೇ ಇಲ್ಲ. ನೀರಿಗೆ ಮಾತ್ರ ತಿಳಿಯುತ್ತದೆ.

ಅಂಚಿನ ಕೆಲಸವೇ ಎಲ್ಲಕ್ಕಿಂತ ಸೂಕ್ಷ್ಮವಾದುದು. ತೆಳುವಾಗಿ ಮುಗಿದ ಸಿಮೆಂಟು ಚಕ್ರದ ಭಾರವನ್ನು ತಾಳಲಾರದು. ಆದುದರಿಂದ ಬಾಗಿಲಿನುದ್ದಕ್ಕೂ ಕಾಲುವೆ ತೋಡಿ, ಕಾಂಕ್ರೀಟು ತುಂಬಿ, ಹಿತ್ತಿಲಲ್ಲಿ ಬಿದ್ದಿದ್ದ ಹಳೆಯ ಚಪ್ಪಡಿಯೊಂದನ್ನು ಅಂಚಿಗೆ ಕೂರಿಸಿದರು. ಒಳಗೆ ಅದು ನೆಲದ ಸಮಕ್ಕೆ ಬಂದಿತು. ಹೊರಗೆ ಅಂಗಳ ಅದಕ್ಕಿಂತ 1 ಅಂಗುಲ ತಗ್ಗು. ಅಲ್ಲಿಂದ ಮುಂದಕ್ಕೆ ನೀರು ತೆಂಗಿನ ಪಾತಿಗೆ ಹರಿಯುವಂತೆ ಇಳಿಜಾರು.

ಹಿಂದಿನವರಿಗೆ ಸಿಮೆಂಟು ಇರಲಿಲ್ಲ, ತಾಳ್ಮೆಯಿತ್ತು. ಸುಣ್ಣದ ಗಾರೆಯನ್ನು ಗಾಣದಲ್ಲಿ ಅರೆದು, ಬೆಲ್ಲದ ನೀರು ಬೆರೆಸುತ್ತಿದ್ದರು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಬೆಸೆದದ್ದು ಸುಣ್ಣಕ್ಕೆ ಇಟ್ಟಿಗೆಯ ಪುಡಿ ಸೇರಿಸಿದ ಸುರ್ಕಿ ಗಾರೆಯೇ.

ಮುಗಿದ ನೆಲಕ್ಕೆ ಗೋಣಿ ಹೊದಿಸಿ 10 ದಿನ ನೀರು ಹಾಕಿದೆವು. ಸಿಮೆಂಟು ಗಟ್ಟಿಯಾಗುವುದು ಒಣಗುವುದರಿಂದಲ್ಲ, ನೀರಿನೊಡನೆ ಕೂಡುವುದರಿಂದ. ಅಟ್ಟದ ಮೇಲೆ ನೀರಿಲ್ಲದೆ ಪಕ್ವವಾಗುವ ಕೊಬ್ಬರಿ, ಕೆಳಗೆ ನೀರಿನಿಂದಲೇ ಪಕ್ವವಾಗುವ ನೆಲ. ಒಂದೇ ಸೂರಿನ ಕೆಳಗೆ ಎರಡು ಧರ್ಮ!

ಮದುವೆ ನಿಲ್ಲಲಿಲ್ಲ, ಸಾಲವೊಂದು ಹೆಚ್ಚಾಯಿತು. ಮೊದಲ ಸಲ ಮೋಟಾರು ಒಳಗೆ ಬರುವ ಮುನ್ನ ಅವ್ವ ಆ ಚಪ್ಪಡಿಗೆ ಅರಿಸಿನ ಕುಂಕುಮ ಇಟ್ಟಳು. “ಇದು ಹೊಸ್ತಿಲಲ್ಲ, ಅವ್ವ” ಎಂದೆ.

“ನೀರನ್ನು ಹೊರಗೆ ನಿಲ್ಲಿಸಿದರೆ ಹೊಸ್ತಿಲೇ ಕಣಪ್ಪ” ಎಂದಳು.

ಮರುವರ್ಷದ ಸ್ವಾತಿಯಲ್ಲಿ ಇರುಳೆಲ್ಲ ಮಳೆ ಸುರಿಯಿತು. ಲಾಟೀನು ಹಿಡಿದು ಹೋಗಿ ನೋಡಿದೆ. ಕಲ್ಲಿನ ಆಚೆ ನೀರು ಪಾತಿಯ ಕಡೆಗೆ ಹರಿಯುತ್ತಿತ್ತು. ಈಚೆ ಚೀಲಗಳು ಬೆಚ್ಚಗಿದ್ದವು.