ಗೆಜ್ಜೆ ಬಿಚ್ಚಿದ ಮೇಲೆ ಆಸರೆ ಯಾರು?

ಪತ್ತನಾಜೆ ಎಂದರೆ ತುಳುವರ ಬೇಶ ತಿಂಗಳ ಹತ್ತನೇ ದಿನ. ಕ್ಯಾಲೆಂಡರಿನಲ್ಲಿ ಮೇ 24ರ ಹೊತ್ತಿಗೆ ಬರುತ್ತದೆ. ಅಂದು ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಇನ್ನು ಮೇಳ ತಿರುಗಾಟಕ್ಕೆ ಹೊರಡುವುದು ದೀಪಾವಳಿಯ ಹೊತ್ತಿಗೆ. ಬಯಲಿನಲ್ಲಿ ಆಡುವ ಆಟ ಮಳೆಯಲ್ಲಿ ನಡೆಯುವುದುಂಟೇ? ನೋಡುವ ನಮಗೆ ಅದು "ಇನ್ನು ಆಟ ಇಲ್ಲ" ಎಂಬ ಬೇಸರ ಅಷ್ಟೆ. ಹೆಚ್ಚಿನ ಕಲಾವಿದರ ಮನೆಯಲ್ಲಿ ಅದು ಸಂಪಾದನೆ ಕಡಿಮೆಯಾಗುವ ದಿನ.

ಮಳೆಗಾಲದಲ್ಲಿ ಕೆಲವರು ತಾಳಮದ್ದಲೆಗೆ ಹೋಗುತ್ತಾರೆ. ಕೆಲವರು ಚಿಕ್ಕಮೇಳ ಕಟ್ಟಿಕೊಂಡು ಸಂಜೆ ಮನೆ ಮನೆಗೆ ಬರುತ್ತಾರೆ. ಹೆಸರು ಮಾಡಿದವರಿಗೆ ಬೆಂಗಳೂರು, ಮುಂಬೈಯಿಂದ ಕರೆ ಬರುತ್ತದೆ. ಉಳಿದವರು ತೋಟದ ಕೆಲಸವೋ ಕೂಲಿಯೋ ಮಾಡಿ ದಿನ ದೂಡಬೇಕು.

ಇನ್ನೊಂದು ಸಂಗತಿ ಉಂಟು. ವೇಷಧಾರಿಗೆ ಅವನ ದೇಹವೇ ಬಂಡವಾಳ. ಭಾರದ ಕಿರೀಟ, ಮೈತುಂಬಾ ಬಿಗಿದು ಕಟ್ಟಿದ ವೇಷ, ಅದರ ಮೇಲೆ ದಿಗಿಣ! ಆರು ತಿಂಗಳು ರಾತ್ರಿ ನಿದ್ದೆ ಬಿಟ್ಟು, ಹಗಲು ಮಲಗಿ, ದಿನಕ್ಕೊಂದು ಊರಿಗೆ ಪ್ರಯಾಣ. ಮೊಣಗಂಟು ಸವೆದರೆ, ಸೊಂಟ ಹಿಡಿದರೆ ವೇಷವೂ ಇಲ್ಲ, ಸಂಬಳವೂ ಇಲ್ಲ. ಭಾಗವತರಿಗೆ ಸ್ವರ ಹೋದರೂ ಅದೇ ಕಥೆ.

ನಾನು ಮೇಳಕ್ಕೆ ಸೇರುತ್ತೇನೆ ಎಂದಾಗ ಅಮ್ಮ ಎರಡೇ ಪ್ರಶ್ನೆ ಕೇಳಿದರು. "ಮಳೆಗಾಲದಲ್ಲಿ ಎಂತ ಮಾಡ್ತಿ? ಕಾಲು ಮುರಿದರೆ ಯಾರು ನೋಡ್ತಾರೆ?" ನಮ್ಮ ತರಗತಿಯಲ್ಲಿ ಆಟದ ಹುಚ್ಚಿರುವ ಎಲ್ಲರ ಮನೆಯಲ್ಲೂ ಇದೇ ಪ್ರಶ್ನೆ ಬರಬಹುದು. ಆದ್ದರಿಂದ ಉತ್ತರ ಹುಡುಕಿ, ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಹಿಂದೆ ಕಲೆಗೆ ಆಶ್ರಯ ಕೊಟ್ಟವರು ದೇವಸ್ಥಾನಗಳು ಮತ್ತು ಊರಿನ ದೊಡ್ಡ ಮನೆತನಗಳು. ಈಗಲೂ ಕಟೀಲು, ಧರ್ಮಸ್ಥಳ, ಮಂದಾರ್ತಿ ಮುಂತಾದ ಕ್ಷೇತ್ರಗಳ ಮೇಳಗಳು ಹರಕೆಯ ಆಟಗಳಿಂದ ನಡೆಯುತ್ತಿವೆ. ಆದರೆ ಹರಕೆ ಹೊತ್ತವರು ಆಟ ಆಡಿಸುತ್ತಾರೆಯೇ ಹೊರತು, ಆಡಿದವರ ಮುಪ್ಪಿನ ಹೊಣೆ ಹೊರುವುದಿಲ್ಲ. ಅದು ಅವರ ತಪ್ಪೂ ಅಲ್ಲ.

ಪ್ರಶಸ್ತಿ ಬರುವುದಿಲ್ಲವೇ ಎಂದು ನೀವು ಕೇಳಬಹುದು. ಬರುತ್ತದೆ. 2012ರಲ್ಲಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ ಪದ್ಮಶ್ರೀ ಬಂತು. ಅದು ಇಡೀ ಯಕ್ಷಗಾನಕ್ಕೆ ಸಂದ ಗೌರವ. ಆದರೆ ಒಂದು ಮೇಳದಲ್ಲಿ ಎಷ್ಟು ಮಂದಿ! ಚೆಂಡೆ ಮದ್ದಳೆಯವರು, ಬಾಲಗೋಪಾಲರು, ಪೋಷಕ ವೇಷದವರು, ವೇಷ ಕಟ್ಟುವವರು, ಪೆಟ್ಟಿಗೆ ಹೊರುವವರು. ಪ್ರಶಸ್ತಿ ಒಬ್ಬರಿಗೆ, ಹಸಿವು ಎಲ್ಲರಿಗೆ. ಹಾಗಾಗಿ ಬೇರೊಂದು ದಾರಿ ಬೇಕಾಯಿತು. ಅದೇ ಪ್ರತಿಷ್ಠಾನ ಅಥವಾ ಟ್ರಸ್ಟ್.

ಪ್ರತಿಷ್ಠಾನ ಎಂದರೆ ಒಂದು ಒಳ್ಳೆಯ ಉದ್ದೇಶಕ್ಕೆ ಹಣ ಕೂಡಿಸಿ, ಅದನ್ನು ನೋಡಿಕೊಳ್ಳಲು ಕೆಲವರನ್ನು ನೇಮಿಸುವ ವ್ಯವಸ್ಥೆ. ಹಣ ಯಾವುದಕ್ಕೆ ಖರ್ಚಾಗಬೇಕು ಎಂದು ಪತ್ರದಲ್ಲಿ ಬರೆದು ನೋಂದಣಿ ಮಾಡಿಸುತ್ತಾರೆ. ನೋಡಿಕೊಳ್ಳುವವರನ್ನು ಟ್ರಸ್ಟಿಗಳು ಎನ್ನುತ್ತಾರೆ. ಆ ಹಣ ಅವರದ್ದಲ್ಲ, ಅವರು ಕಾವಲುಗಾರರು ಮಾತ್ರ. ಪ್ರತಿ ವರ್ಷ ಲೆಕ್ಕ ತಪಾಸಣೆ ಆಗಬೇಕು.

ಒಂದು ಲೆಕ್ಕ ಮಾಡೋಣ. 500 ಮಂದಿ ತಲಾ 1,000 ರೂಪಾಯಿ ಕೊಟ್ಟರೆ 5 ಲಕ್ಷ. ಅದನ್ನು ಒಂದೇ ಸಲ ಹಂಚಿದರೆ ಆ ವರ್ಷಕ್ಕೆ ಮುಗಿಯಿತು. ಬ್ಯಾಂಕಿನಲ್ಲಿಟ್ಟು ಶೇಕಡಾ 7 ಬಡ್ಡಿ ಬಂತೆಂದು ಇಟ್ಟುಕೊಂಡರೆ ವರ್ಷಕ್ಕೆ 35,000 ರೂಪಾಯಿ. ಅಸಲು ಹಾಗೆಯೇ ಉಳಿಯಿತು. ಹಲಸಿನ ಮರ ಕಡಿದು ಸೌದೆ ಮಾಡುವುದಕ್ಕೂ, ವರ್ಷ ವರ್ಷ ಹಣ್ಣು ಕೊಯ್ಯುವುದಕ್ಕೂ ಇರುವ ವ್ಯತ್ಯಾಸ ಇದೇ.

ನಮ್ಮ ಕರಾವಳಿಯಲ್ಲಿ ಇಂಥ ಕೆಲಸ ಮಾಡುವ ಎರಡು ಸಂಸ್ಥೆಗಳನ್ನು ಹೇಳುತ್ತೇನೆ.

ಮೊದಲನೆಯದು ಉಡುಪಿಯ ಯಕ್ಷಗಾನ ಕಲಾರಂಗ. 1975ರಲ್ಲಿ ಶುರುವಾದ ಇದಕ್ಕೆ 2025ರಲ್ಲಿ 50 ವರ್ಷ ತುಂಬಿತು. ಇವರ "ಯಕ್ಷನಿಧಿ" ಎಂಬ ಯೋಜನೆ ಕಲಾವಿದರ ಕ್ಷೇಮಕ್ಕಾಗಿಯೇ ಇರುವುದು. ಕಾಯಿಲೆ ಬಿದ್ದವರಿಗೆ, ತೀರಿಕೊಂಡವರ ಮನೆಯವರಿಗೆ ಇದರಿಂದ ನೆರವು ಸಿಗುತ್ತದೆ. "ವಿದ್ಯಾಪೋಷಕ್" ಎಂಬ ಇನ್ನೊಂದು ಯೋಜನೆಯಲ್ಲಿ ಬಡ ಮಕ್ಕಳ ಓದಿಗೆ ಸಹಾಯ ಮಾಡುತ್ತಾರೆ.

ಎರಡನೆಯದು ಮಂಗಳೂರಿನ ಯಕ್ಷಧ್ರುವ ಪಟ್ಲ ಫೌಂಡೇಶನ್ ಟ್ರಸ್ಟ್. ತೆಂಕುತಿಟ್ಟಿನ ಭಾಗವತರಾದ ಪಟ್ಲ ಸತೀಶ್ ಶೆಟ್ಟಿಯವರು 2015ರಲ್ಲಿ ಇದನ್ನು ಆರಂಭಿಸಿದರು. ಕಲಾವಿದರಿಗೆ ಅಪಘಾತ ವಿಮೆ, ಚಿಕಿತ್ಸೆಗೆ ನೆರವು, ಮನೆ ಇಲ್ಲದವರಿಗೆ "ಯಕ್ಷಾಶ್ರಯ" ಯೋಜನೆಯಲ್ಲಿ ಮನೆ, ಶಾಲಾ ಮಕ್ಕಳಿಗೆ ಯಕ್ಷಗಾನ ತರಬೇತಿ, ಇವು ಅದರ ಕೆಲಸಗಳು. ಪರವೂರಿನಲ್ಲಿ ನೆಲೆಸಿದ ನಮ್ಮವರೂ ಘಟಕ ಕಟ್ಟಿಕೊಂಡು ಹಣ ಕೂಡಿಸುತ್ತಾರೆ. ಹನಿ ಹನಿ ಕೂಡಿದರೆ ಹಳ್ಳ ಅಲ್ಲವೇ?

ಇಲ್ಲಿ ವಿಮೆಯ ವಿಷಯ ಸ್ವಲ್ಪ ತಿಳಿಯಬೇಕು. ಅಪಘಾತ ವಿಮೆ ಎಂದರೆ ಅಪಘಾತಕ್ಕೆ ಮಾತ್ರ. ಮೇಳದ ಬಸ್ಸು ಉರುಳಿ ಪೆಟ್ಟಾದರೆ ಪರಿಹಾರ ಉಂಟು. ಹೃದಯಾಘಾತಕ್ಕೆ, ಸವೆದ ಮೊಣಗಂಟಿಗೆ ಇಲ್ಲ. ಅದಕ್ಕೇ ವಿಮೆಯ ಜೊತೆಗೆ ಚಿಕಿತ್ಸಾ ನಿಧಿಯೂ ಬೇಕಾಗುತ್ತದೆ. ಸಂಸ್ಥೆಯನ್ನು ಕಾಯದೆ ನಾವೇ ಮಾಡಬಹುದಾದದ್ದೂ ಉಂಟು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಬ್ಯಾಂಕ್ ಖಾತೆ ಇರುವ 18ರಿಂದ 70 ವರ್ಷದವರು ವರ್ಷಕ್ಕೆ 20 ರೂಪಾಯಿ ಕಟ್ಟಿದರೆ, ಅಪಘಾತದಲ್ಲಿ ಜೀವ ಹೋದಾಗ ಮನೆಯವರಿಗೆ 2 ಲಕ್ಷ ರೂಪಾಯಿ ಸಿಗುತ್ತದೆ. ಇಪ್ಪತ್ತೇ ರೂಪಾಯಿ!

ಆಸರೆಯ ಬೆಲೆ ಗೊತ್ತಾದದ್ದು 2020ರಲ್ಲಿ. ಆ ಮಾರ್ಚ್ ತಿಂಗಳಲ್ಲಿ ಕೊರೋನಾ ಬಂದು ಪತ್ತನಾಜೆಗೆ ಎರಡು ತಿಂಗಳು ಇರುವಾಗಲೇ ಮೇಳಗಳ ತಿರುಗಾಟ ನಿಂತಿತು. ತಾಳಮದ್ದಲೆ ಇಲ್ಲ, ಚಿಕ್ಕಮೇಳ ಇಲ್ಲ, ಪರವೂರ ಕರೆ ಇಲ್ಲ. ಅಂಥ ಹೊತ್ತಿನಲ್ಲಿ ಹೊಸದಾಗಿ ಸಂಘ ಕಟ್ಟಿ, ಹಣ ಎತ್ತಿ, ಯಾರ ಮನೆಯಲ್ಲಿ ಕಷ್ಟ ಎಂದು ಹುಡುಕುತ್ತಾ ಕೂರಲು ಆಗುವುದಿಲ್ಲ. ಹೆಸರು, ವಿಳಾಸ, ಹಣ ಮೊದಲೇ ಒಂದು ಕಡೆ ಇದ್ದರೆ ಮಾತ್ರ ಅಕ್ಕಿ ಬೇಗ ಮನೆ ಮುಟ್ಟುತ್ತದೆ.

ನನಗೆ ಇದರಲ್ಲಿ ದೊಡ್ಡದಾಗಿ ಕಂಡದ್ದು ಹಣವಲ್ಲ, ಮರ್ಯಾದೆ. ರಾತ್ರಿ ದೇವೇಂದ್ರನಾಗಿ ಸಿಂಹಾಸನದಲ್ಲಿ ಕುಳಿತವರು ಬೆಳಿಗ್ಗೆ ಧಣಿಗಳ ಜಗಲಿಯಲ್ಲಿ ಕೈಚಾಚಿ ನಿಲ್ಲಬೇಕೆ? ಒಬ್ಬ ಧಣಿಯ ದಾನಕ್ಕೆ ಮುಖ ನೋಡಿ ಮಣೆ ಹಾಕುವ ಗುಣ ಉಂಟು. ಪ್ರತಿಷ್ಠಾನದಲ್ಲಿ ನಿಯಮ ಇರುತ್ತದೆ, ಅರ್ಜಿ ಇರುತ್ತದೆ. ಕಿರೀಟ ವೇಷದವರಿಗೂ ಪೆಟ್ಟಿಗೆ ಹೊರುವವರಿಗೂ ಅದೇ ಅರ್ಜಿ.

ಆದರೆ ಎಲ್ಲವೂ ಸರಿಹೋಯಿತು ಎಂದು ತಿಳಿಯಬಾರದು. ಪ್ರತಿಷ್ಠಾನ ಸಂಬಳ ಕೊಡುವುದಿಲ್ಲ. ಕಷ್ಟ ಬಂದಾಗ ಕೈಹಿಡಿಯುತ್ತದೆ, ಅಷ್ಟೆ. ಮಳೆಗಾಲಕ್ಕೆಂದು ಇನ್ನೊಂದು ಕೆಲಸ ಕಲಿತಿರಲೇಬೇಕು. ಅದಕ್ಕೆ ಓದು ಬಿಡಬಾರದು ಎಂಬುದನ್ನು ನಾನು ಒಪ್ಪಿದ್ದೇನೆ.

ಮತ್ತೊಂದು ತೊಡಕು ಅರ್ಜಿಯದ್ದು. ಸರ್ಕಾರ ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಮಾಸಾಶನ ಕೊಡುತ್ತದೆ. ಆದರೆ ಅದಕ್ಕೆ ವಯಸ್ಸಿನ ದಾಖಲೆ ಬೇಕು, ಕಲಾವಿದರೆಂಬ ದಾಖಲೆ ಬೇಕು. ಹರಿಶ್ಚಂದ್ರನ ಅರ್ಥವನ್ನು ರಾತ್ರಿಯಿಡೀ ಬಾಯಿಪಾಠ ಹೇಳುವ ಹಿರಿಯರಿಗೂ ಒಂದು ಫಾರಂ ತುಂಬಿಸುವುದೆಂದರೆ ಅಂಜಿಕೆ. ಮುಂದಿನ ಸಲ ಚೌಕಿಗೆ ಇಣುಕಲು ಹೋದಾಗ ಕಿರೀಟ ಮುಟ್ಟಿ ನೋಡುವುದರ ಜೊತೆಗೆ "ವಿಮೆ ಮಾಡಿಸಿದ್ದೀರಾ? ಅರ್ಜಿ ಬರೆದು ಕೊಡಬೇಕಾ?" ಎಂದೂ ಕೇಳೋಣ. ಬರೆಯಲು ಬರುವವರು ನಮ್ಮ ತರಗತಿಯಲ್ಲಿ ಬೇಕಾದಷ್ಟು ಮಂದಿ ಇದ್ದೇವೆ.

– ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿ