ನಿಮಗಿದು ಗೊತ್ತೇ? ಪರದೇಶದ ಓದಿಗೆ ದುಡ್ಡು ಎಲ್ಲೆಲ್ಲಿಂದ ಬಂತು!

ಪರದೇಶದ ಓದು ಅಂದಕೂಡಲೇ ಹೊಲ ಮಾರುವ ಲೆಕ್ಕ ಹಾಕಿದಿರಾ? ತಡೆಯಿರಿ! ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಮಂದಿ ಮೊದಲು ಇದನ್ನು ಓದಬೇಕು.

ಸವದತ್ತಿ ಸೀಮೆಯ ಸಿರಸಂಗಿ ಎಂದರೆ ಕಾಳಮ್ಮನ ಗುಡಿ ನೆನಪಾಗುತ್ತದೆ, ಅಲ್ಲವೇ? ಅದೇ ಊರಿನಲ್ಲಿ ಲಿಂಗರಾಜ ದೇಸಾಯರು ಇದ್ದರು. ಹುಟ್ಟಿದ್ದು 1861, ತೀರಿಕೊಂಡಿದ್ದು 1906. ಹೋಗುವ ಮೊದಲು ಮೃತ್ಯುಪತ್ರ ಬರೆಸಿದರು. ದೇಸಗತಿಯ ಆಸ್ತಿಯನ್ನು ಲಿಂಗಾಯತ ಮಕ್ಕಳ ಓದಿಗೆ ಬಿಟ್ಟುಕೊಟ್ಟರು. ಅದೇ ಮುಂದೆ ನವಲಗುಂದ–ಸಿರಸಂಗಿ ಟ್ರಸ್ಟ್ ಆಯಿತು. ತೀರಿಕೊಂಡಾಗ ಅವರ ವಯಸ್ಸು ಬರೀ 45! ಜನ ಅವರನ್ನು ‘ತ್ಯಾಗವೀರ’ ಎಂದು ಕರೆದದ್ದು ಸುಮ್ಮನೆ ಅಲ್ಲ.

ಬೆಳಗಾವಿಯ ಲಿಂಗರಾಜ ಕಾಲೇಜು ಇದೆಯಲ್ಲ, ಅದು ಇದೇ ಸಿರಸಂಗಿ ದೇಸಾಯರ ಹೆಸರಿನದು! ಶುರುವಾದದ್ದು 1933ರಲ್ಲಿ. ನಡೆಸುವುದು ಕೆ.ಎಲ್.ಇ. ಸಂಸ್ಥೆ. ಆ ಸಂಸ್ಥೆಯನ್ನು 1916ರಲ್ಲಿ ಕಟ್ಟಿದವರಾದರೂ ಯಾರು? ದೊಡ್ಡ ಸಾಹುಕಾರರಲ್ಲ, ಏಳು ಜನ ಮಾಸ್ತರರು!

ಇನ್ನೊಂದು ಕೇಳಿ. ಆ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದ ಒಬ್ಬ ಯುವ ಮೇಷ್ಟರು ಮುಂದೆ 1959ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದರು. ಹೆಸರು ಎ.ಕೆ. ರಾಮಾನುಜನ್! 1973ರಲ್ಲಿ ಅವರ ವಚನಾನುವಾದದ ಪುಸ್ತಕ ಬಂತು. ಬಸವಣ್ಣ, ದೇವರ ದಾಸಿಮಯ್ಯ, ಅಕ್ಕ, ಅಲ್ಲಮ ನಾಲ್ವರೂ ಇಂಗ್ಲಿಷ್ ಓದುಗರ ಮನೆ ಸೇರಿದರು. ನನಗಂತೂ ಈ ಕೊಂಡಿ ನೆನೆದಾಗಲೆಲ್ಲ ಮೈ ಜುಮ್ಮೆನ್ನುತ್ತದೆ!

ಫುಲ್‌ಬ್ರೈಟ್ ದುಡ್ಡು ಎಲ್ಲಿಂದ ಹುಟ್ಟಿತು ಗೊತ್ತೇ? ಗುಜರಿ ಸಾಮಾನಿನಿಂದ! ಎರಡನೆಯ ಮಹಾಯುದ್ಧ ಮುಗಿದಾಗ ಅಮೆರಿಕದ ಸೈನ್ಯದ ಸರಕು ದೇಶದೇಶಗಳಲ್ಲಿ ಉಳಿದುಹೋಗಿತ್ತು. ಅದನ್ನು ಮಾರಿ ಬಂದ ದುಡ್ಡನ್ನು ಓದಿಗೆ ಹಾಕೋಣ ಎಂದರು ಸೆನೆಟರ್ ವಿಲಿಯಂ ಫುಲ್‌ಬ್ರೈಟ್. 1946ರಲ್ಲಿ ಕಾಯ್ದೆಯೇ ಆಯಿತು. ನಮ್ಮ ದೇಶ ಒಪ್ಪಂದಕ್ಕೆ ಸಹಿ ಹಾಕಿದ್ದು 1950ರ ಫೆಬ್ರುವರಿ 2ರಂದು.

ಅದಕ್ಕಿಂತಲೂ ವಿಚಿತ್ರ ಬೇಕೇ? 1951ರಲ್ಲಿ ಗೋಧಿ ಕೊಳ್ಳಲು ಅಮೆರಿಕ ನಮಗೆ ಸಾಲ ಕೊಟ್ಟಿತು. ಆ ಸಾಲಕ್ಕೆ ನಾವು ಕಟ್ಟುವ ಬಡ್ಡಿಯಲ್ಲಿ ಮೊದಲ 50 ಲಕ್ಷ ಡಾಲರನ್ನು ಎರಡೂ ದೇಶಗಳ ವಿದ್ಯಾರ್ಥಿಗಳು, ಪ್ರಾಧ್ಯಾಪಕರು, ಪುಸ್ತಕಗಳು ಹೋಗಿಬರಲೆಂದು ಮೀಸಲಿಟ್ಟರು. ಉಂಡದ್ದು ಗೋಧಿ, ಬಡ್ಡಿ ಹೋದದ್ದು ಓದಿಗೆ!

ಜೆ.ಎನ್. ಟಾಟಾ ನಿಧಿ ಶುರುವಾದದ್ದು ಯಾವಾಗ ಹೇಳಿ ನೋಡೋಣ. 1892ರಲ್ಲಿ! ಇಂದಿಗೂ ನಡೆಯುತ್ತಿದೆ. ಅದು ಕೊಡುವುದು ಸಾಲದ ರೂಪದ ವಿದ್ಯಾರ್ಥಿವೇತನ, ಕಲಿತು ದುಡಿದ ಮೇಲೆ ತೀರಿಸಬೇಕು. ನಮ್ಮ ತುಮಕೂರು ಸೀಮೆಯ ಅಣುವಿಜ್ಞಾನಿ ರಾಜಾ ರಾಮಣ್ಣ ಲಂಡನ್ನಿನಲ್ಲಿ ಪಿಎಚ್.ಡಿ. ಮಾಡಿದ್ದು ಇದೇ ನೆರವಿನಿಂದ.

ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ ಓದಿದ ಹುಡುಗನೊಬ್ಬ ರೋಡ್ಸ್ ವಿದ್ಯಾರ್ಥಿವೇತನ ಗೆದ್ದು ಆಕ್ಸ್‌ಫರ್ಡಿಗೆ ಹೋದ. ಅಲ್ಲಿನ ವಿದ್ಯಾರ್ಥಿ ಚರ್ಚಾಕೂಟಕ್ಕೆ ಅಧ್ಯಕ್ಷನೂ ಆದ. ಯಾರು? ಗಿರೀಶ ಕಾರ್ನಾಡ!

ಪಕ್ಕದ ಗೋಕಾಕ ತಾಲೂಕಿನ ಮಮದಾಪುರದ ಡಿ.ಸಿ. ಪಾವಟೆ ಕೇಂಬ್ರಿಜ್‌ನಲ್ಲಿ ಗಣಿತ ಕಲಿತರು. ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಕುಲಪತಿಯಾದರು, ಪಂಜಾಬಿಗೆ ರಾಜ್ಯಪಾಲರಾದರು. ಈಗ ಅವರ ಹೆಸರಿನ ಫೆಲೋಶಿಪ್ಪೇ ಇದೆ. ಕರ್ನಾಟಕದ ವಿದ್ವಾಂಸರು ಅದರ ಮೇಲೆ ಅದೇ ಕೇಂಬ್ರಿಜ್‌ಗೆ ಹೋಗಿಬರುತ್ತಾರೆ!

ಸರಿ, ಇವತ್ತಿನ ಮಾತಿಗೆ ಬನ್ನಿ. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಕೇಳಿದ್ದೀರಾ? 1954–55ರಿಂದ ಇದೆ. ಪರಿಶಿಷ್ಟ ಜಾತಿಯವರಿಗೆ, ಅಲೆಮಾರಿ ಸಮುದಾಯದವರಿಗೆ ಎಂಬುದು ಕೆಲವರಿಗೆ ಗೊತ್ತು. ಭೂಮಿ ಇಲ್ಲದ ಕೃಷಿ ಕೂಲಿಕಾರರ ಮಕ್ಕಳಿಗೂ, ಪಾರಂಪರಿಕ ಕುಶಲಕರ್ಮಿಗಳ ಮಕ್ಕಳಿಗೂ ಅದರಲ್ಲಿ ಜಾಗವಿದೆ ಎಂಬುದು ಎಷ್ಟು ಜನಕ್ಕೆ ಗೊತ್ತು? ರಾಮದುರ್ಗ, ಸುರೇಬಾನದ ನೇಕಾರರ ಮನೆಯವರು, ಸವದತ್ತಿಯ ಹೊಲಗಳಲ್ಲಿ ಕೂಲಿ ಮಾಡುವವರ ಮನೆಯವರು ಇದರ ನಿಯಮಗಳನ್ನು ಇಂದೇ ತೆಗೆದು ನೋಡಿ. ಜಾಗಗಳು ಬೆರಳೆಣಿಕೆಯವು, ನಿಜ. ಆದರೆ ಅರ್ಜಿಯೇ ಹಾಕದಿದ್ದರೆ ಒಂದೂ ಇಲ್ಲ!

ಸಿಕ್ಕರೆ ಏನೇನು ಬರುತ್ತದೆ? ಕಾಲೇಜಿನ ಫೀ, ವಿಮಾನದ ಟಿಕೆಟ್, ವೀಸಾ ಖರ್ಚು, ಆರೋಗ್ಯ ವಿಮೆ. ಮೇಲೆ ಊಟ–ವಸತಿಗೆ, ಬ್ರಿಟನ್ ಬಿಟ್ಟು ಉಳಿದ ದೇಶಗಳಲ್ಲಿ, ವರ್ಷಕ್ಕೆ 15,400 ಡಾಲರ್! ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷ ರೂಪಾಯಿ ದಾಟಬಾರದು, ವಯಸ್ಸು 35ರ ಒಳಗಿರಬೇಕು. ನೂರರಲ್ಲಿ 30 ಜಾಗ ಹೆಣ್ಣುಮಕ್ಕಳಿಗೆ. ಚೆನ್ನಮ್ಮನ ಕಿತ್ತೂರಿನ ಹುಡುಗಿಯರೇ, ಕೇಳಿಸಿತೇ?

ನಮ್ಮ ರಾಜ್ಯದ್ದೇ ‘ಪ್ರಬುದ್ಧ’ ಯೋಜನೆಯೂ ಇದೆ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ. ಸ್ನಾತಕೋತ್ತರ ಓದಿಗಷ್ಟೇ ಅಲ್ಲ, ಪದವಿಗೂ!

ಈಗ ಎಲ್ಲಕ್ಕಿಂತ ದೊಡ್ಡ ಬೆರಗು. ಪಿಎಚ್.ಡಿ. ಮಾಡಲು ದುಡ್ಡು ಕಟ್ಟಬೇಕು ಎಂದುಕೊಂಡಿದ್ದೀರಾ? ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಫೀ ಮಾಫಿ. ಪಾಠ ಹೇಳಿಕೊಟ್ಟದ್ದಕ್ಕೆ, ಲ್ಯಾಬಿನಲ್ಲಿ ದುಡಿದದ್ದಕ್ಕೆ ತಿಂಗಳಿಗಿಷ್ಟು ಎಂದು ಅವರೇ ಕೊಡುತ್ತಾರೆ! ನೆದರ್ಲೆಂಡ್ಸ್, ಸ್ವೀಡನ್ನಿನಲ್ಲಂತೂ ಪಿಎಚ್.ಡಿ. ಎಂದರೆ ಪಗಾರದ ನೌಕರಿ. ರಜೆಯೂ ಉಂಟು, ಪಿಂಚಣಿಯ ಲೆಕ್ಕವೂ ಉಂಟು. ಜಾಗ ಖಾಲಿಯಾದರೆ ಜಾಹೀರಾತೇ ಹಾಕುತ್ತಾರೆ!

ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಪಾಠಕ್ಕೆ ಫೀಯೇ ಇಲ್ಲ, ಹೊರದೇಶದವರಿಗೂ! ಒಂದು ವರ್ಷದ ಖರ್ಚಿನ ದುಡ್ಡು ಇದೆ ಎಂದು ಮೊದಲೇ ತೋರಿಸಬೇಕು, ಅದನ್ನು ಮಾತ್ರ ಮರೆಯಬೇಡಿ.

ಕೊನೆಗೊಂದು. ಯುರೋಪಿನ ಎರಾಸ್ಮಸ್ ಮುಂಡಸ್ ವಿದ್ಯಾರ್ಥಿವೇತನ ಸಿಕ್ಕರೆ ಒಂದೇ ಎಂ.ಎಸ್ಸಿ.ಯನ್ನು ಎರಡು ಮೂರು ದೇಶಗಳಲ್ಲಿ ಓದಬಹುದು. ಫೀ ಇಲ್ಲ, ತಿಂಗಳಿಗೆ 1,400 ಯೂರೊ ಕೈಗೆ. ಪದವಿ ಮುಗಿದಿರಬೇಕೆಂದೂ ಇಲ್ಲ, ಕೊನೆಯ ವರ್ಷದಲ್ಲಿ ಓದುತ್ತಿರುವವರೂ ಅರ್ಜಿ ಹಾಕಬಹುದು!